ಊರಿನಲ್ಲಿ ಇಲ್ಲದವರನ್ನು ಬೈದರೆ ನಿಯಮ ಅನ್ವಯಿಸುವುದಿಲ್ಲವೇ?

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ನನ್ನ ಹಳೆಯ ವಿದ್ಯಾರ್ಥಿಗಳು ಕಟ್ಟಿಕೊಂಡಿರುವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರ ಪ್ರೀತಿಯ ಒತ್ತಾಯಕ್ಕೆ ನಾನೂ ಸೇರಿದ್ದೇನೆ. ಸುಮಾರು ನಾನೂರು ಜನರಿರುವ ಆ ಗುಂಪಿನಲ್ಲಿ ಎಪಿಎಂಸಿ ವರ್ತಕರಿದ್ದಾರೆ, ದಾದಿಯರಿದ್ದಾರೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವರಿದ್ದಾರೆ, ಹರಿಹರದಿಂದ ದಿನವೂ ರೈಲಿನಲ್ಲಿ ಓಡಾಡುವವರಿದ್ದಾರೆ. ಜಾತಿ, ಧರ್ಮ ಮತ್ತು ಪಕ್ಷಗಳ ನಿಂದನೆ ಇಲ್ಲಿ ನಿಷಿದ್ಧವೆಂದೂ ಮೀರಿದರೆ ಅಡ್ಮಿನ್‌ಗಳು ಸಂದೇಶವನ್ನು ಅಳಿಸುವರೆಂದೂ ಗುಂಪಿನ ವಿವರಣೆಯಲ್ಲೇ ಬರೆದಿದೆ. ಈ ನಿಯಮವನ್ನು ಬರೆದುಕೊಟ್ಟವನು ನಾನೇ ಆದ್ದರಿಂದ ಅದರ ಪಾಲನೆಯ ಬಗ್ಗೆ ಮಾತನಾಡಲು ನನಗೆ ಸ್ವಲ್ಪ ಅಧಿಕಾರವಿದೆ ಎಂದುಕೊಂಡಿದ್ದೇನೆ.

ಕಳೆದ ತಿಂಗಳು ಒಂದೇ ವಾರದಲ್ಲಿ ಮೂರು ಸಂದೇಶಗಳು ಬಂದವು. ಮೊದಲನೆಯದು ನಮ್ಮ ಜಿಲ್ಲೆಯ ಒಂದು ಸಮುದಾಯದ ಕಸುಬನ್ನು ಹೀಯಾಳಿಸುವ ಜೋಕು. ಅದು ನಾಲ್ಕೇ ನಿಮಿಷದಲ್ಲಿ ಅಳಿದುಹೋಯಿತು, ಹಾಕಿದವನು ಕ್ಷಮೆಯನ್ನೂ ಕೇಳಿದ. ಎರಡನೆಯದು ಗಾಜಾದಲ್ಲಿ ಸಾಯುತ್ತಿರುವ ಮಕ್ಕಳ ಬಗ್ಗೆ ದಾದಿಯೊಬ್ಬಳು ತಾನೇ ಬರೆದ ಆರು ಸಾಲು. ಅದರಲ್ಲಿ ಇಸ್ರೇಲ್ ಸರ್ಕಾರದ ಯುದ್ಧನೀತಿಯ ಟೀಕೆ ಇತ್ತೇ ಹೊರತು ಯಾವ ಧರ್ಮದ ಹೆಸರೂ ಇರಲಿಲ್ಲ. ‘ಇದು ರಾಜಕೀಯ’ ಎಂದು ಅದನ್ನೂ ಅಳಿಸಲಾಯಿತು. ಮೂರನೆಯದು ಯಾರೋ ಎಲ್ಲಿಂದಲೋ ತಂದು ಹಾಕಿದ ಉದ್ದನೆಯ ಫಾರ್ವರ್ಡ್. ಜಗತ್ತಿನ ಬ್ಯಾಂಕುಗಳು, ಪತ್ರಿಕೆಗಳು, ಔಷಧ ಕಂಪನಿಗಳು ಎಲ್ಲವೂ ಯಹೂದಿಗಳ ಗುಪ್ತ ಕೂಟವೊಂದರ ಹಿಡಿತದಲ್ಲಿವೆಯೆಂದೂ, ಯುದ್ಧಗಳನ್ನೂ ಸಾಂಕ್ರಾಮಿಕ ರೋಗಗಳನ್ನೂ ಹುಟ್ಟಿಸುವವರು ಅವರೇ ಎಂದೂ, ಲಸಿಕೆ ಅವರ ಸಂಚೆಂದೂ, ‘ಹಿಟ್ಲರ್ ಸುಮ್ಮನೆ ಹಾಗೆ ಮಾಡಲಿಲ್ಲ’ ಎಂದೂ ಅದರಲ್ಲಿತ್ತು. ಅದಕ್ಕೆ ಹನ್ನೊಂದು ಹೆಬ್ಬೆರಳುಗಳು, ಎರಡು ಕೈಮುಗಿತಗಳು ಬಂದವು. ಅದನ್ನು ಯಾರೂ ಅಳಿಸಲಿಲ್ಲ.

ನಾಲ್ವರು ಅಡ್ಮಿನ್‌ಗಳಲ್ಲಿ ಒಬ್ಬ ನನಗೆ ತೀರ ಬೇಕಾದ ಹುಡುಗ. ಹುಡುಗನೆಂದರೆ ಈಗ ನಲವತ್ತಾರರ ಮೆಕ್ಕೆಜೋಳದ ವರ್ತಕ. ಅವನ ಮಂಡಿಗೇ ಹೋಗಿ ಕೇಳಿದೆ. ಅವನು ಚಹಾ ತರಿಸಿ, ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, ‘ಸಾರ್, ನಮ್ಮೂರಾಗೆ ಒಬ್ಬನಾದ್ರೂ ಯಹೂದಿ ಅದಾನೇನು? ಯಾರಿಗೆ ನೋವಾಗುತ್ತೆ ಹೇಳ್ರಿ. ಆ ಜೋಕು ಇಟ್ಟಿದ್ರೆ ಸಂಜೆಯೊಳಗೆ ಗಲಾಟೆ ಆಗ್ತಿತ್ತು’ ಎಂದ. ಅವನಲ್ಲಿ ದುಷ್ಟತನವಿಲ್ಲ. ಗುಂಪಿನ ನಿರ್ವಹಣೆಯನ್ನು ಅವನು ತಿಳಿದಿರುವುದು ಬೆಂಕಿ ಆರಿಸುವ ಕೆಲಸವೆಂದು. ಹೊಗೆ ಕಂಡಲ್ಲಿಗೆ ಓಡುತ್ತಾನೆ. ಆದರೆ ಅವನ ಒಂದು ಮಾತಿನೊಳಗೆ ಇಡೀ ಸಮಸ್ಯೆ ಅಡಗಿದೆ ಎನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ದೂರು ಕೊಡುವವರು ಇದ್ದಾಗ ಮಾತ್ರ ಜಾರಿಗೆ ಬರುವ ನಿಯಮವು ನಿಂದನೆಯನ್ನು ತಡೆಯುವುದಿಲ್ಲ, ಗಲಾಟೆಯನ್ನಷ್ಟೇ ತಡೆಯುತ್ತದೆ. ಅಂಥ ಕಡೆ ಯಾರು ಕಡಿಮೆಯೋ, ಯಾರು ದೂರವೋ, ಯಾರು ಬಂದು ಎದುರು ನಿಂತು ‘ಇದು ಸುಳ್ಳು’ ಎನ್ನಲಾರರೋ ಅವರ ಬಗ್ಗೆ ಏನು ಬೇಕಾದರೂ ಹೇಳಬಹುದು ಎಂದಾಗುತ್ತದೆ.

ಆ ಫಾರ್ವರ್ಡ್‌ನ ಮೂಲವನ್ನು ನಾನು ಗುರುತಿಸಬಲ್ಲೆ. ‘ಜಿಯಾನ್‌ನ ಹಿರಿಯರ ನಡಾವಳಿಗಳು’ ಎಂಬ ಹೆಸರಿನ ಖೋಟಾ ದಸ್ತಾವೇಜು 1903ರಲ್ಲಿ ರಷ್ಯಾದ ಪತ್ರಿಕೆಯೊಂದರಲ್ಲಿ ಕಂತುಗಳಾಗಿ ಅಚ್ಚಾಯಿತು; ಜಗತ್ತನ್ನು ವಶಪಡಿಸಿಕೊಳ್ಳಲು ಯಹೂದಿ ಮುಖಂಡರು ಗುಟ್ಟಾಗಿ ಸೇರಿ ಮಾಡಿದ ಯೋಜನೆ ಇದು ಎಂಬುದು ಅದರ ಸೋಗು. ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ 1920ರಲ್ಲಿ ಅದನ್ನು ನಿಜವಿರಬಹುದೇನೋ ಎಂಬಂತೆ ಗಂಭೀರವಾಗಿ ಚರ್ಚಿಸಿತ್ತು. ಮರುವರ್ಷವೇ ಅದೇ ಪತ್ರಿಕೆಯ ವರದಿಗಾರ ಫಿಲಿಪ್ ಗ್ರೇವ್ಸ್ ಎರಡು ಪಠ್ಯಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು: ಇದರ ಪುಟಗಟ್ಟಲೆ ಮಾತುಗಳನ್ನು ಮೋರಿಸ್ ಜೋಲಿ ಎಂಬ ಫ್ರೆಂಚ್ ವಕೀಲ 1864ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ವಿರುದ್ಧ ಬರೆದ ವಿಡಂಬನೆಯಿಂದ ಎತ್ತಿಕೊಳ್ಳಲಾಗಿತ್ತು. ಜೋಲಿಯ ಬರಹದಲ್ಲಿ ಯಹೂದಿಗಳ ಸುದ್ದಿಯೇ ಇರಲಿಲ್ಲ. (ತಾನೇ ಮಾಡಿದ ತಪ್ಪನ್ನು ತಾನೇ ಮುಖಪುಟದ ಸುದ್ದಿಯಷ್ಟು ಮುತುವರ್ಜಿಯಿಂದ ತಿದ್ದಿಕೊಂಡ ಪತ್ರಿಕೆಯ ಉದಾಹರಣೆಯನ್ನು ಪತ್ರಿಕೆಯವರಾದ ತಮ್ಮೆದುರು ಇಡುವುದರಲ್ಲಿ ನನಗೊಂದು ಸಣ್ಣ ಸಂತೋಷವೂ ಇದೆ.) ಸ್ವಿಟ್ಜರ್ಲೆಂಡಿನ ಬರ್ನ್ ನಗರದ ನ್ಯಾಯಾಲಯ 1935ರಲ್ಲಿ ಅದನ್ನು ಖೋಟಾ ಎಂದೇ ಕರೆಯಿತು. ಅಮೆರಿಕದಲ್ಲಿ ಕಾರು ತಯಾರಕ ಹೆನ್ರಿ ಫೋರ್ಡ್ ತನ್ನ ಪತ್ರಿಕೆಯ ಮೂಲಕ ವರ್ಷಗಟ್ಟಲೆ ಇದನ್ನೇ ಹಂಚಿ, 1927ರಲ್ಲಿ ಕ್ಷಮೆ ಕೇಳಬೇಕಾಯಿತು. ಅಷ್ಟು ಹೊತ್ತಿಗೆ ಅದು ಜರ್ಮನಿಯನ್ನು ಸೇರಿ ನಾಜಿಗಳ ಕೈಗೆ ಸಿಕ್ಕಿತ್ತು.

ಈ ಖೋಟಾ ಬರಹ ತಯಾರಾದ ಬಗೆಯನ್ನು ನನ್ನ ವಿದ್ಯಾರ್ಥಿಗಳು ಗಮನಿಸಬೇಕು. ಅದು ಒಂದು ಅಚ್ಚು. ನೆಪೋಲಿಯನ್ನನಿಗೆ ಗುರಿಯಿಟ್ಟ ಮಾತುಗಳನ್ನು ಯಹೂದಿಗಳ ಮೇಲೆ ಹಾಕಿದರು, ಬೆಲ್ಲದ ಅಚ್ಚಿನಲ್ಲಿ ಬೇರೆ ಪಾಕ ಹುಯ್ದ ಹಾಗೆ. 2020ರ ಲಾಕ್‌ಡೌನ್ ದಿನಗಳಲ್ಲಿ ಹಣ್ಣು ಮಾರುವ ಮುಸಲ್ಮಾನರು ಬೇಕೆಂದೇ ರೋಗ ಹಬ್ಬಿಸುತ್ತಿದ್ದಾರೆ ಎಂಬ ವಿಡಿಯೊಗಳು ನಮ್ಮ ಬೀದಿಬೀದಿಯ ಗುಂಪುಗಳಲ್ಲಿ ಸುತ್ತಿದವಲ್ಲ, ಅವೂ ಇದೇ ಅಚ್ಚಿನಿಂದ ಬಂದವು, ಮತ್ತು ಆ ಅಚ್ಚು ರಷ್ಯಾದ ಪತ್ರಿಕೆಗಿಂತಲೂ ಬಹಳ ಹಳೆಯದು. ಯುರೋಪಿನಲ್ಲಿ 1348-49ರಲ್ಲಿ ಪ್ಲೇಗ್ ಹಬ್ಬಿದಾಗ ಯಹೂದಿಗಳು ಬಾವಿಗಳಿಗೆ ವಿಷ ಹಾಕುತ್ತಿದ್ದಾರೆ ಎಂಬ ವದಂತಿ ಊರಿಂದೂರಿಗೆ ರೋಗಕ್ಕಿಂತ ವೇಗವಾಗಿ ಓಡಿತು. ರೋಗಕ್ಕಿಂತ ವೇಗ ಎಂಬುದನ್ನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ 1349ರ ಫೆಬ್ರುವರಿಯಲ್ಲಿ ಯಹೂದಿಗಳನ್ನು ಸುಟ್ಟಾಗ ಅಲ್ಲಿಗೆ ಪ್ಲೇಗ್ ಇನ್ನೂ ಕಾಲಿಟ್ಟಿರಲಿಲ್ಲ. ಯಹೂದಿಗಳೂ ಅದೇ ರೋಗದಿಂದ ಸಾಯುತ್ತಿದ್ದಾರಲ್ಲ ಎಂದು ಆಗಿನ ಪೋಪ್ ಆರನೆಯ ಕ್ಲೆಮೆಂಟ್ ಫರ್ಮಾನು ಹೊರಡಿಸಿ ಕೇಳಿದರು. ಕೇಳುವ ಕಿವಿಗಳಿರಲಿಲ್ಲ.

ಪ್ಲೇಗಿನ ಮಾತು ಬಂದಾಗ ನಮ್ಮ ಕಡೆಯವರು ಸುಮ್ಮನಿರುವುದು ಕಷ್ಟ. ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದ ಕತೆಯನ್ನು ನನ್ನ ಅಜ್ಜಿ ಹೇಳುತ್ತಿದ್ದಳು. ಅವಳ ಇಬ್ಬರು ಅಣ್ಣಂದಿರು ಮರಳಿ ಬರಲಿಲ್ಲ. ಆ ಪ್ಲೇಗಿಗೆ ಮೊದಲ ಪರಿಣಾಮಕಾರಿ ಲಸಿಕೆಯನ್ನು ಕಂಡುಹಿಡಿದವರು ವಾಲ್ಡೆಮಾರ್ ಹಾಫ್‌ಕಿನ್, ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ. ಕಾಲರಾ ಲಸಿಕೆಯೊಂದಿಗೆ 1893ರಲ್ಲಿ ಭಾರತಕ್ಕೆ ಬಂದ ಅವರು ಮುಂಬೈಯಲ್ಲಿ ಪ್ಲೇಗ್ ಲಸಿಕೆಯನ್ನು ಸಿದ್ಧಪಡಿಸಿ 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ, ಇದೇ ಪಿ.ಬಿ. ರಸ್ತೆ ಹಿಡಿದು ಹೋದರೆ ಸಿಗುವ ಹುಬ್ಬಳ್ಳಿಯಲ್ಲಿ, ಸಾವಿರಾರು ಜನರಿಗೆ ಆ ಲಸಿಕೆ ಹಾಕಲಾಯಿತು. 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತಾಗ ತಪ್ಪನ್ನು ಹಾಫ್‌ಕಿನ್ ಅವರ ತಲೆಗೆ ಕಟ್ಟಿ ಕೆಲಸದಿಂದ ದೂರವಿಟ್ಟರು. ದೋಷವಿದ್ದದ್ದು ಹಳ್ಳಿಯಲ್ಲಿ ತೆರೆದ ಒಂದೇ ಒಂದು ಸೀಸೆಯಲ್ಲಿ, ಪ್ರಯೋಗಾಲಯದಲ್ಲಿ ಅಲ್ಲ. ಅವರು ನಿರ್ದೋಷಿ ಎಂದಾಗಲು 1907ರವರೆಗೆ ಕಾಯಬೇಕಾಯಿತು. ಯಹೂದಿ ಎಂಬ ಕಾರಣಕ್ಕೆ ಸುಳ್ಳು ಆರೋಪ ಹೊತ್ತು ಜೈಲು ಕಂಡ ಫ್ರೆಂಚ್ ಸೇನಾಧಿಕಾರಿ ಡ್ರೈಫಸ್‌ರ ಪ್ರಕರಣಕ್ಕೆ ಇದನ್ನು ಆಗಲೇ ಹೋಲಿಸಿದ್ದರು. ಮುಂಬೈಯ ಆ ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್‌ಕಿನ್ ಹೆಸರನ್ನೇ ಇಟ್ಟರು. ‘ಲಸಿಕೆ ಯಹೂದಿಗಳ ಸಂಚು’ ಎಂದು ಹೆಬ್ಬೆರಳು ಎತ್ತಿದ ಹನ್ನೊಂದು ಮಂದಿಯಲ್ಲಿ ಕೆಲವರ ಮುತ್ತಜ್ಜಂದಿರು ಆ ಲಸಿಕೆಯಿಂದಲೇ ಉಳಿದವರಿರಬಹುದು.

ಇನ್ನು ‘ನಮ್ಮೂರಾಗೆ ಯಾರದಾರೆ’ ಎಂಬ ಪ್ರಶ್ನೆ. ದಾವಣಗೆರೆಯಲ್ಲಿ ಇಲ್ಲದಿರಬಹುದು, ಕನ್ನಡ ನಾಡಿಗೆ ಅವರು ಅಪರಿಚಿತರಲ್ಲ. ಟ್ಯುನಿಷಿಯಾದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ಸುಮಾರು ಹದಿನೇಳು ವರ್ಷ ಇದ್ದು ಅಲ್ಲಿಂದ ಕಾಳು ಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆಗಳನ್ನು ಅರಬ್ ತೀರದ ಏಡನ್ ಬಂದರಿಗೆ ಕಳುಹಿಸುತ್ತಿದ್ದ; ಹಿತ್ತಾಳೆ-ಕಂಚಿನ ಸಾಮಾನು ಮಾಡಿಸುವ ಕಮ್ಮಟವನ್ನೂ ಇಟ್ಟಿದ್ದ. ಅಶು ಎಂಬ ಸ್ಥಳೀಯ ಹೆಣ್ಣನ್ನು ದಾಸ್ಯದಿಂದ ಬಿಡಿಸಿದ 1132ರ ಪತ್ರ ಇಂದಿಗೂ ಉಳಿದಿದೆ. ಅವನ ಮಕ್ಕಳ ತಾಯಿ ಅವಳೇ ಎಂಬುದು ವಿದ್ವಾಂಸರ ತಿಳಿವಳಿಕೆ. ಅವನ ಪರವಾಗಿ ಹಡಗು ಹತ್ತಿ ಏಡನ್‌ಗೆ ಹೋಗಿ ವ್ಯವಹಾರ ಮಾಡಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ. ನಮ್ಮ ಯಾವ ಹಳ್ಳಿಯಲ್ಲಿ ಕರೆದರೂ ಓಗೊಡುವ ಹೆಸರು ಇದು. ಬಸವಣ್ಣನವರ ಶತಮಾನದಲ್ಲಿಯೇ ಬೊಮ್ಮನೊಬ್ಬ ಯಹೂದಿ ಯಜಮಾನನ ಲೆಕ್ಕ ಹೊತ್ತುಕೊಂಡು ಸಮುದ್ರ ದಾಟುತ್ತಿದ್ದ. ಈ ಪತ್ರಗಳೆಲ್ಲ ಕೈರೋ ಬಳಿಯ ಹಳೆಯ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರ ಕೋಣೆಯಲ್ಲಿ ಬಿದ್ದಿದ್ದವು. ಮಂಡಿಯಲ್ಲಿ ಇದನ್ನು ಹೇಳಿದಾಗ ನನ್ನ ಅಡ್ಮಿನ್ ಶಿಷ್ಯ ಯಹೂದಿಗಳ ವಿಷಯವನ್ನು ಬಿಟ್ಟು, ಏಡನ್‌ಗೆ ಹೋಗುತ್ತಿದ್ದ ಅಡಿಕೆಯನ್ನು ಯಾವ ತೂಕದಲ್ಲಿ ಲೆಕ್ಕ ಹಾಕುತ್ತಿದ್ದರು ಎಂದು ಕೇಳಿದ. ಆ ವ್ಯಾಪಾರದಲ್ಲಿ ಬಹಾರ್ ಎಂಬ ತೂಕವಿತ್ತು ಎಂದೆ. ಚನ್ನಗಿರಿಯ ಅವನ ಬೀಗರು ಅಡಿಕೆ ವ್ಯಾಪಾರದವರು, ಅವರಿಗೆ ಹೇಳಬೇಕು ಎಂದು ಬರೆದುಕೊಂಡ.

ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಸಿನಗಾಗ್ ಅರಮನೆಯ ಗೋಡೆಗೆ ತಾಗಿಕೊಂಡೇ ನಿಂತಿದೆ. ಕೊಂಕಣ ಕರಾವಳಿಯಲ್ಲಿ ಗಾಣದ ಕಸುಬು ಮಾಡುತ್ತಿದ್ದ ಬೆನೆ ಇಸ್ರೇಲಿ ಯಹೂದಿಗಳು ತಮ್ಮ ಧರ್ಮದ ವಿಶ್ರಾಂತಿಯ ದಿನವಾದ ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರ ಬಾಯಲ್ಲಿ ‘ಶನಿವಾರ ತೇಲಿ’ (ಶನಿವಾರದ ಗಾಣಿಗರು)ಗಳಾಗಿದ್ದರು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಯಹೂದಿಗಳ ಸ್ಮಶಾನವಿದೆ; ಆ ಜಾಗ ಮೈಸೂರಿನ ಮಹಾರಾಜರು ಕೊಟ್ಟದ್ದು. 1971ರಲ್ಲಿ ಢಾಕಾದಲ್ಲಿ ಪಾಕಿಸ್ತಾನದ ಸೇನೆಯ ಶರಣಾಗತಿಯ ಮಾತುಕತೆ ನಡೆಸಿದ ಜನರಲ್ ಜೇಕಬ್ ಕೋಲ್ಕತ್ತದ ಯಹೂದಿ ಮನೆತನದವರು. ಹುಟ್ಟಿದ ನೆಲದಲ್ಲಿ ಯಹೂದಿಗಳನ್ನು ಅವರ ಧರ್ಮಕ್ಕಾಗಿ ಹಿಂಸಿಸದ ದೇಶ ನಮ್ಮದು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಬಹುಮಟ್ಟಿಗೆ ಅದು ನಿಜವೂ ಹೌದು. 2008ರ ನವೆಂಬರಿನಲ್ಲಿ ಮುಂಬೈಯ ಯಹೂದಿ ಕೇಂದ್ರವಾದ ನರಿಮನ್ ಹೌಸ್‌ಗೆ ನುಗ್ಗಿ ರಬ್ಬಿ (ಯಹೂದಿ ಧರ್ಮಗುರು) ದಂಪತಿಯನ್ನೂ ಅಲ್ಲಿದ್ದ ಇತರರನ್ನೂ ಕೊಂದವರು ಗಡಿಯಾಚೆಯಿಂದ ಬಂದವರು. ಆದರೆ ನಮ್ಮ ಹೆಮ್ಮೆಗೆ ಒಂದು ಅನುಕೂಲವೂ ಇದೆ: 2011ರ ಜನಗಣತಿಯಲ್ಲಿ ಇಡೀ ದೇಶದ ಯಹೂದಿಗಳ ಸಂಖ್ಯೆ ಐದು ಸಾವಿರವನ್ನೂ ಮುಟ್ಟಲಿಲ್ಲ. ಪರೀಕ್ಷೆಗೇ ಕೂರದ ವಿದ್ಯಾರ್ಥಿ ನಾನು ಎಂದೂ ನಪಾಸಾಗಿಲ್ಲ ಎಂದರೆ ನಾನು ಅಂಕ ಕೊಡುತ್ತಿರಲಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಶಾಲೆಯಲ್ಲಿ ಮಕ್ಕಳು ಹಿಂದಿನಿಂದ ನನ್ನನ್ನು ‘ಹಿಟ್ಲರ್ ಮೇಷ್ಟ್ರು’ ಎನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು, ಒಳಗೊಳಗೆ ಖುಷಿಯೂ ಇತ್ತು. ಶಿಸ್ತಿಗೆ ಕೊಟ್ಟ ಬಿರುದು ಎಂದುಕೊಂಡಿದ್ದೆ. ಹತ್ತನೆಯ ತರಗತಿಯಲ್ಲಿ ನಾಜಿಗಳ ಭಾಗ ಬಂದಾಗ ಸುಮಾರು ಅರವತ್ತು ಲಕ್ಷ ಯಹೂದಿಗಳ ಕೊಲೆಯನ್ನು ಎರಡು ಅಂಕದ ಪ್ರಶ್ನೆಗೆ ಬೇಕಾದಷ್ಟು ಹೇಳಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಈಗ ನಲವತ್ತು ದಾಟಿದ ಅದೇ ಮಕ್ಕಳು ‘ಹಿಟ್ಲರ್ ಸುಮ್ಮನೆ ಹಾಗೆ ಮಾಡಲಿಲ್ಲ’ ಎಂಬ ಸಾಲನ್ನು ಸಲೀಸಾಗಿ ಮುಂದೆ ದಾಟಿಸಿದರೆ ಅದರಲ್ಲಿ ನನ್ನ ಪಾಲೂ ಇದೆ. ಆ ಹೆಸರು ನಮ್ಮಲ್ಲಿ ಕಟ್ಟುನಿಟ್ಟಾದ ಅಪ್ಪನಿಗೆ, ಸಿಡುಕಿನ ಅತ್ತೆಗೆ ಅಂಟಿಸುವ ಅಡ್ಡಹೆಸರಾಗಿದೆ. ಕೊಲೆಗಾರನ ಹೆಸರು ಹೀಗೆ ಮನೆಮಾತಾದ ಕಡೆ ಸತ್ತವರ ಹೆಸರು ಯಾರಿಗೂ ಬೇಕಾಗುವುದಿಲ್ಲ.

ವಿಚಿತ್ರವೆಂದರೆ, ಆ ಫಾರ್ವರ್ಡ್‌ಗೆ ಹೆಬ್ಬೆರಳು ಎತ್ತಿದವರಲ್ಲಿ ಇಬ್ಬರು ಅದರ ಹಿಂದಿನ ವಾರ ಇಸ್ರೇಲಿನ ಬಾವುಟ ಹಾಕಿಕೊಂಡು ‘ಇವರಿಂದ ಕಲಿಯಬೇಕು’ ಎಂದು ಬರೆದಿದ್ದವರು. ಒಂದೇ ಫೋನಿನಲ್ಲಿ ಇಸ್ರೇಲಿಗೂ ಜೈ, ಹಿಟ್ಲರನಿಗೂ ಜೈ. ಇದನ್ನು ಬಹಳ ದಿನ ಯೋಚಿಸಿದೆ. ಅವರಿಗೆ ಯಹೂದಿಗಳ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಇಲ್ಲಿನ ಮುಸಲ್ಮಾನರನ್ನು ಚುಚ್ಚಲು ಒಂದು ಕೋಲು ಬೇಕು, ಅದು ಯಾವ ಮರದ್ದಾದರೇನು ಎಂಬ ಭಾವವಷ್ಟೇ ಇದೆ. ಎದುರು ಬಣದಲ್ಲಿಯೂ ಇದರ ಜೋಡಿ ಇದೆ. ಗಾಜಾದ ಸಾವುಗಳಿಗೆ ನಿಜವಾಗಿ ಮರುಗುವ ಕೆಲವರು ‘ಇಸ್ರೇಲ್ ಸರ್ಕಾರ’ ಎನ್ನಬೇಕಾದ ಕಡೆ ‘ಯಹೂದಿಗಳು’ ಎನ್ನುತ್ತಾರೆ, ‘ಅವರ ರಕ್ತವೇ ಅಂಥದ್ದು’ ಎಂದೂ ಸೇರಿಸುತ್ತಾರೆ. 2023ರ ಅಕ್ಟೋಬರ್ 7ರಂದು ಗಾಜಾದ ಸಶಸ್ತ್ರ ಸಂಘಟನೆ ಹಮಾಸ್ ಇಸ್ರೇಲಿನ ಮೇಲೆ ಮಾಡಿದ ದಾಳಿಯಲ್ಲಿ ಸುಮಾರು 1,200 ಜನ ಸತ್ತರು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು. ಈ ಎರಡು ಸಾವುಗಳಲ್ಲಿ ಒಂದಕ್ಕೆ ಅತ್ತರೆ ಇನ್ನೊಂದಕ್ಕೆ ನಗಬೇಕು ಎಂಬಂತೆ ನಮ್ಮ ಗುಂಪುಗಳಲ್ಲಿ ಬಣಗಳಾಗಿವೆ.

ಹಾಗಾದರೆ ಗೆರೆ ಎಲ್ಲಿ? ಇದು ಅಡ್ಮಿನ್‌ಗಳು ನನ್ನನ್ನು ಕೇಳಿದ ನ್ಯಾಯವಾದ ಪ್ರಶ್ನೆ. ಜಗತ್ತಿನಲ್ಲಿ ಇದರ ಬಗ್ಗೆ ಒಮ್ಮತವಿಲ್ಲ. ಅಂತರರಾಷ್ಟ್ರೀಯ ಹಾಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ನರಮೇಧ) ಸ್ಮರಣಾ ಒಕ್ಕೂಟ 2016ರಲ್ಲಿ ಯಹೂದಿ ದ್ವೇಷಕ್ಕೆ ಒಂದು ವ್ಯಾಖ್ಯೆಯನ್ನು ಒಪ್ಪಿತು. ಅದು ಇಸ್ರೇಲಿನ ಟೀಕೆಯನ್ನೇ ಕಟ್ಟಿಹಾಕಲು ಬಳಕೆಯಾಗುತ್ತಿದೆ ಎಂದು ತಕರಾರು ತೆಗೆದ ವಿದ್ವಾಂಸರು, ಅವರಲ್ಲಿ ಯಹೂದಿಗಳೇ ಅನೇಕರು, 2021ರಲ್ಲಿ ಜೆರುಸಲೇಂ ಘೋಷಣೆ ಎಂಬ ಬೇರೊಂದನ್ನು ಮುಂದಿಟ್ಟರು. ಇವುಗಳ ಜಗಳ ಇನ್ನೂ ಮುಗಿದಿಲ್ಲ. ಆದರೆ ನಮ್ಮ ಗುಂಪಿಗೆ ಬೇಕಾದ ಎರಡು ಮಾತುಗಳಲ್ಲಿ ಇಬ್ಬರದೂ ಒಂದೇ ಅಭಿಪ್ರಾಯ. ಬೇರೆ ಯಾವುದೇ ದೇಶವನ್ನು ಟೀಕಿಸುವಂತೆ ಇಸ್ರೇಲನ್ನು ಟೀಕಿಸಿದರೆ ಅದು ಯಹೂದಿ ದ್ವೇಷವಲ್ಲ. ಇಸ್ರೇಲ್ ಸರ್ಕಾರ ಮಾಡಿದ್ದಕ್ಕೆ ಎಲ್ಲ ಯಹೂದಿಗಳನ್ನೂ ಹೊಣೆ ಮಾಡಿದರೆ ಅದು ದ್ವೇಷ. ಈ ಅಳತೆಗೋಲಿನಿಂದ ನೋಡಿದರೆ ದಾದಿಯ ಆರು ಸಾಲು ಉಳಿಯಬೇಕಿತ್ತು, ಆ ಫಾರ್ವರ್ಡ್ ಹೋಗಬೇಕಿತ್ತು. ನಡೆದದ್ದು ತಿರುಗಾಮುರುಗಾ: ಒಂದು ಸರ್ಕಾರದ ಟೀಕೆ ‘ರಾಜಕೀಯ’ವಾಯಿತು, ಒಂದು ಜನಾಂಗದ ನಿಂದನೆ ‘ಮಾಹಿತಿ’ಯಾಯಿತು.

ಇಮ್ಮಡಿ ಅಳತೆ ನಮ್ಮ ಬಡ ಅಡ್ಮಿನ್‌ಗಳ ಸೊತ್ತು ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ಫೇಸ್‌ಬುಕ್‌ನ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್, ತಾವೇ ಯಹೂದಿ, ಯಹೂದಿಗಳ ಸಾಮೂಹಿಕ ಕೊಲೆ ನಡೆಯಲೇ ಇಲ್ಲ ಎನ್ನುವ ಬರಹಗಳನ್ನು ತೆಗೆಯುವುದಿಲ್ಲ ಎಂದು 2018ರಲ್ಲಿ ಹೇಳಿದ್ದರು. 2020ರ ಅಕ್ಟೋಬರಿನಲ್ಲಿ ಕಂಪನಿಯು ನಿಲುವು ಬದಲಿಸಿ ಅಂಥವನ್ನು ನಿಷೇಧಿಸಿತು. ಮ್ಯಾನ್ಮಾರ್‌ನಲ್ಲಿ ರೋಹಿಂಗ್ಯಾ ಜನರ ವಿರುದ್ಧ ಹಿಂಸೆಗೆ ತನ್ನ ತಾಣ ಬಳಕೆಯಾದಾಗ ಸಾಕಷ್ಟು ಕ್ರಮ ಕೈಗೊಳ್ಳಲಿಲ್ಲ ಎಂದು ಅದೇ ಕಂಪನಿ 2018ರಲ್ಲಿ ಒಪ್ಪಿಕೊಂಡಿತು. ‘ಜಿಯೋನಿಸ್ಟ್’ (ಯಹೂದಿ ರಾಷ್ಟ್ರದ ಪರವಾದಿ) ಎಂಬ ಪದವನ್ನು ಯಹೂದಿ ಎಂಬುದಕ್ಕೆ ಮರೆಯಾಗಿಟ್ಟುಕೊಂಡು ಬೈಯುವುದನ್ನು ತೆಗೆಯುತ್ತೇವೆ ಎಂದು 2024ರ ಜುಲೈನಲ್ಲಿ ಹೇಳಿತು. ಸರಿ, ಆದರೆ ಇಂಥ ನಿಯಮಗಳು ತೆರೆದ ತಾಣಗಳಿಗೆ. ವಾಟ್ಸ್‌ಆ್ಯಪ್ ಗುಂಪಿನ ಮಾತು ಗೂಢಲಿಪಿಯಲ್ಲಿ ಹೋಗುವುದರಿಂದ, ಸದಸ್ಯರೇ ದೂರು ಕಳುಹಿಸದ ಹೊರತು ಕಂಪನಿಗೆ ಅದು ಕಾಣುವುದಿಲ್ಲ. ಕನ್ನಡದ ನಾನೂರು ಜನರ ಗುಂಪಿನಲ್ಲಿ ಏನು ಉಳಿಯಬೇಕು, ಏನು ಹೋಗಬೇಕು ಎನ್ನುವುದನ್ನು ತೀರ್ಮಾನಿಸುವವನು ಕ್ಯಾಲಿಫೋರ್ನಿಯಾದಲ್ಲಿ ಕುಳಿತಿಲ್ಲ; ಎಪಿಎಂಸಿ ಯಾರ್ಡಿನಲ್ಲಿ, ಮೆಕ್ಕೆಜೋಳದ ಚೀಲಗಳ ನಡುವೆ ಕುಳಿತಿದ್ದಾನೆ.

ಅವನ ಭಯವೂ ನನಗೆ ಅರ್ಥವಾಗುತ್ತದೆ. ‘ಕೇಸ್ ಆದ್ರೆ ಅಡ್ಮಿನ್ ಒಳಗೆ ಹೋಗ್ತಾನೆ ಸಾರ್’ ಎಂಬುದು ಅವನ ಅಳಲು. ಸದಸ್ಯನೊಬ್ಬ ಹಾಕಿದ ಸಂದೇಶಕ್ಕೆ ಅಡ್ಮಿನ್‌ನನ್ನು ಅವನು ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಅಪರಾಧಿ ಮಾಡಲಾಗದು ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಅದಕ್ಕೂ ಮೊದಲು ಬಾಂಬೆ ಹೈಕೋರ್ಟಿನ ನಾಗಪುರ ಪೀಠವೂ ಇದೇ ಅರ್ಥದ ತೀರ್ಪು ಕೊಟ್ಟಿದೆ. ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ವೈರ ಬಿತ್ತುವುದನ್ನು ಶಿಕ್ಷಿಸುವ ಭಾರತೀಯ ನ್ಯಾಯ ಸಂಹಿತೆಯ 196ನೆಯ ಕಲಮಿನಲ್ಲಿ, ಆ ಧರ್ಮದವರು ಅದೇ ತಾಲ್ಲೂಕಿನಲ್ಲಿ ವಾಸವಿರಬೇಕು ಎಂಬ ಷರತ್ತು ನನಗೆ ಕಾಣಲಿಲ್ಲ. ಪೊಲೀಸರನ್ನು ಕರೆಯಿರಿ ಎಂದು ನಾನು ಹೇಳುತ್ತಿಲ್ಲ. ಹಳೆಯ ವಿದ್ಯಾರ್ಥಿಗಳ ಗುಂಪಿಗೆ ಪೊಲೀಸರು ಬರಬೇಕಾದ ದಿನ ಮೇಷ್ಟ್ರಾದ ನಾನು ಇರಬಾರದು.

‘ಒಂದು ಫಾರ್ವರ್ಡ್‌ನಿಂದ ಏನಾಗುತ್ತೆ’ ಎಂದು ಗುಂಪಿನಲ್ಲಿ ಒಬ್ಬರು ಕೇಳಿದರು. 2018ರ ಅಕ್ಟೋಬರ್ 27ರಂದು ಅಮೆರಿಕದ ಪಿಟ್ಸ್‌ಬರ್ಗ್‌ನ ಸಿನಗಾಗ್‌ನಲ್ಲಿ ಪ್ರಾರ್ಥನೆಗೆ ಸೇರಿದ್ದ 11 ಮಂದಿಯನ್ನು ಕೊಂದವನು, ಯಹೂದಿಗಳು ಹೊರಗಿನವರನ್ನು ದೇಶದೊಳಗೆ ತುಂಬುತ್ತಿದ್ದಾರೆ ಎಂಬ ಮಾತನ್ನು ಅಂತರ್ಜಾಲದಲ್ಲಿ ಬರೆದುಕೊಂಡೇ ಬಂದೂಕು ಹಿಡಿದಿದ್ದ. ಐದು ತಿಂಗಳೂ ಆಗಿರಲಿಲ್ಲ, 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಎರಡು ಮಸೀದಿಗಳಿಗೆ ನುಗ್ಗಿ 51 ಮಂದಿಯನ್ನು ಕೊಂದವನೂ ಹೊರಗಿನವರು ಬಂದು ನಮ್ಮ ಜನರ ಜಾಗ ಹಿಡಿಯುತ್ತಿದ್ದಾರೆ ಎಂಬ ಅದೇ ಕತೆಯನ್ನು ನಂಬಿದ್ದ. ಕೊಲೆಯನ್ನು ಫೇಸ್‌ಬುಕ್‌ನಲ್ಲಿ ನೇರವಾಗಿ ತೋರಿಸಿದ. ಯಹೂದಿಗಳ ವಿರುದ್ಧದ ಸುಳ್ಳನ್ನು ಇಟ್ಟುಕೊಂಡು ಮುಸಲ್ಮಾನರ ವಿರುದ್ಧದ ಸುಳ್ಳನ್ನು ಅಳಿಸುವವರಿಗೂ, ಅದನ್ನು ತಿರುವಿ ಮಾಡುವವರಿಗೂ ಈ ಎರಡು ದಿನಾಂಕಗಳನ್ನು ಒಟ್ಟಿಗೇ ನೆನಪಿಸಬೇಕು ಎನ್ನಿಸುತ್ತದೆ.

ನಾನು ಅಡ್ಮಿನ್‌ಗಳಿಗೆ ನಿಯಮದ ಹೊಸ ಒಕ್ಕಣೆಯೊಂದನ್ನು ಬರೆದುಕೊಟ್ಟಿದ್ದೇನೆ. ಯಾವುದೇ ಸಮುದಾಯವನ್ನು, ಅದರ ಸದಸ್ಯರು ಈ ಗುಂಪಿನಲ್ಲಿ ಇರಲಿ ಇಲ್ಲದಿರಲಿ, ಹುಟ್ಟಿನ ಕಾರಣಕ್ಕೆ ದೂಷಿಸುವ ಸಂದೇಶವನ್ನು ಅಳಿಸಲಾಗುವುದು. ಯಾವುದೇ ಸರ್ಕಾರದ, ನಮ್ಮದನ್ನೂ ಸೇರಿಸಿ, ಸಭ್ಯ ಟೀಕೆಯನ್ನು ಅಳಿಸಲಾಗದು. ಸಂದೇಹ ಬಂದಾಗ ಸಂದೇಶದಲ್ಲಿರುವ ಸಮುದಾಯದ ಹೆಸರನ್ನು ತೆಗೆದು ನಿಮ್ಮದೇ ಸಮುದಾಯದ ಹೆಸರನ್ನು ಹಾಕಿ ಒಮ್ಮೆ ಗಟ್ಟಿಯಾಗಿ ಓದಿ ನೋಡಿ ಎಂದೂ ಹೇಳಿದೆ. ಮಂಡಿಯಲ್ಲಿ ನನ್ನ ಶಿಷ್ಯನಿಗೆ ಆ ಫಾರ್ವರ್ಡನ್ನು ಹಾಗೇ ಓದಿಸಿದೆ. ಬ್ಯಾಂಕು, ಬಡ್ಡಿ, ಗುಪ್ತ ಕೂಟ ಎಂಬುವುಗಳ ಪಕ್ಕದಲ್ಲಿ ವರ್ತಕರಾದ ತನ್ನವರ ಹೆಸರು ಬಂದಾಗ ಮೂರನೆಯ ಸಾಲಿಗೇ ನಿಲ್ಲಿಸಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ.

ತಮ್ಮ ಪತ್ರಿಕೆಗೂ ಒಂದು ವಿನಂತಿ. ಪಶ್ಚಿಮ ಏಷ್ಯಾದ ಸುದ್ದಿಗಳಲ್ಲಿ ಸೇನೆಯೋ ಸರ್ಕಾರವೋ ಮಾಡಿದ ಕೆಲಸಕ್ಕೆ ‘ಯಹೂದಿಗಳ ದಾಳಿ’ ಎಂಬಂಥ ಶೀರ್ಷಿಕೆಗಳು ಕನ್ನಡದಲ್ಲಿ ಆಗಾಗ ಕಾಣಿಸುತ್ತವೆ, ಹಾಗೆಯೇ ಒಂದು ಸಂಘಟನೆಯ ಕೃತ್ಯಕ್ಕೆ ‘ಮುಸ್ಲಿಮರ ದಾಳಿ’ ಎಂಬಂಥವೂ. ಜಾಗ ಉಳಿಸಲು ಹಾಗೆ ಮಾಡುತ್ತಾರೆಂದು ಪತ್ರಿಕೆಯಲ್ಲಿದ್ದ ಗೆಳೆಯರೊಬ್ಬರು ಒಮ್ಮೆ ಹೇಳಿದ್ದರು. ‘ಇಸ್ರೇಲ್’ ಎಂಬುದು ‘ಯಹೂದಿಗಳು’ ಎಂಬುದಕ್ಕಿಂತ ಚಿಕ್ಕ ಪದವೇ ಆಗಿದೆ.

ನಾಲ್ವರು ಅಡ್ಮಿನ್‌ಗಳಲ್ಲಿ ಮೂವರು ಹೊಸ ಒಕ್ಕಣೆಯ ಮೊದಲ ಭಾಗವನ್ನು ಒಪ್ಪಿದ್ದಾರೆ. ಸರ್ಕಾರದ ಟೀಕೆಗೆ ಸಂಬಂಧಿಸಿದ ಎರಡನೆಯ ಭಾಗವನ್ನು, ‘ಚುನಾವಣೆ ಮುಗೀಲಿ ಸಾರ್, ಆಮೇಲೆ ನೋಡೋಣ’ ಎಂದು ಬದಿಗಿಟ್ಟಿದ್ದಾರೆ. ಆರು ಸಾಲು ಬರೆದಿದ್ದ ದಾದಿ ಅದೇ ರಾತ್ರಿ ಗುಂಪನ್ನು ಬಿಟ್ಟು ಹೋದಳು. ಅವಳನ್ನು ಮತ್ತೆ ಸೇರಿಸುವ ಮಾತನ್ನು ನನ್ನ ಹೊರತು ಇನ್ನೂ ಯಾರೂ ಎತ್ತಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ವಿದ್ಯಾನಗರ, ದಾವಣಗೆರೆ